ಬೀಟ್ ಪುಸ್ತಕವೂ ನನ್ನ ಚಂದದ ಅಕ್ಷರವೂ

ನನ್ನ ಅಕ್ಷರ ಬಹಳ ಚಂದ. ಇದನ್ನು ಜಂಬದಿಂದ ಹೇಳುತ್ತಿಲ್ಲ, ತಪ್ಪೊಪ್ಪಿಗೆಯಾಗಿ ಹೇಳುತ್ತಿದ್ದೇನೆ. ಕೆಲವರಿಗೆ ಕುಡಿತದ ಚಟ, ಕೆಲವರಿಗೆ ಇಸ್ಪೀಟಿನ ಚಟ, ನನಗೆ ಬರೆಯುವ ಚಟ. ಖಾಲಿ ಕಾಗದ ಕಂಡರೆ ಕೈ ಸುಮ್ಮನಿರುವುದಿಲ್ಲ. ಕಾರ್ಕಳ ತಾಲೂಕಿನ ಒಂದು ಹೈಸ್ಕೂಲಿನಲ್ಲಿ ಮೂವತ್ತು ವರ್ಷ ಕನ್ನಡ ಕಲಿಸಿ, ನಿವೃತ್ತನಾಗಿ, ಮಣಿಪಾಲದ ಗುಡ್ಡದಿಂದ ಇಳಿಯುವ ಒಂದು ಹೊಸ ಬಡಾವಣೆಯಲ್ಲಿ ಮನೆ ಕಟ್ಟಿಸಿಕೊಂಡು ಕೂತೆ. ಆ ದಿನದಿಂದ ಬಡಾವಣೆಯ ಬರವಣಿಗೆಯ ಕೆಲಸವೆಲ್ಲ ನನ್ನ ಪಾಲಿಗೆ ಬಂತು. ಮದುವೆಯ ಕರೆಯೋಲೆ, ನೀರಿನ ಸಂಪರ್ಕಕ್ಕೆ ಅರ್ಜಿ, ತೀರಿಹೋದವರ ಬಗ್ಗೆ ಪತ್ರಿಕೆಗೆ ನಾಲ್ಕು ಸಾಲು, ಎಲ್ಲಕ್ಕೂ ‘ಮಾಷ್ಟ್ರು ಇದ್ದಾರಲ್ಲ’ ಎಂದು ಜನ ನಮ್ಮ ಗೇಟು ತೆರೆಯುತ್ತಿದ್ದರು. ನಾನೂ ಬೇಡವೆನ್ನುತ್ತಿರಲಿಲ್ಲ. ಬೇಡವೆಂದಿದ್ದರೆ ಈ ಪ್ರಬಂಧ ಬರೆಯುವ ಪ್ರಸಂಗ ಬರುತ್ತಿರಲಿಲ್ಲ.

ಉಡುಪಿ ಆಗಷ್ಟೇ ಜಿಲ್ಲೆಯಾಗಿತ್ತು. ಜಿಲ್ಲೆಯಾದ ಮೇಲೆ ಮಂತ್ರಿಗಳು ಬರುವುದು ಹೆಚ್ಚಾಯಿತು, ಕಳ್ಳರು ಬರುವುದೂ ಹೆಚ್ಚಾಯಿತು, ಪೊಲೀಸರು ಮಾತ್ರ ಇದ್ದಷ್ಟೇ ಇದ್ದರು. ಮೊದಮೊದಲು ಬಾವಿಕಟ್ಟೆಯ ಪಂಪುಸೆಟ್ಟು ಹೋಯಿತು. ಆಮೇಲೆ ದೇವರ ಕೋಣೆಯ ಕಾಲುದೀಪ, ಹಿತ್ತಲಿನ ಗ್ಯಾಸ್ ಸಿಲಿಂಡರು, ಅಂಗಳದ ಬೈಕು. ಅಂಬಲಪಾಡಿಯ ದೇವಸ್ಥಾನಕ್ಕೆ ಹೊಸ ಚಪ್ಪಲಿ ಹಾಕಿಕೊಂಡು ಹೋದ ನಾನು ಬರಿಗಾಲಿನಲ್ಲಿ ಬಸ್ಸು ಹತ್ತಿದೆ. ಕಾಪುವಿನಲ್ಲಿ ನನ್ನ ನಾದಿನಿಯ ಕತ್ತಿನ ಸರವನ್ನು ಬೈಕಿನಲ್ಲಿ ಬಂದ ಇಬ್ಬರು ದಾರಿ ಕೇಳುವ ನೆವದಲ್ಲಿ ಕಿತ್ತುಕೊಂಡು ಹೋದರು. ಅವಳು ದಾರಿಯನ್ನು ಸರಿಯಾಗಿಯೇ ಹೇಳಿದ್ದಳಂತೆ. ಅವರು ಅದೇ ದಾರಿಯಲ್ಲಿ ಹೋದರಂತೆ. ಛತ್ರದಲ್ಲಿ ಮದುವೆಯಾಗುತ್ತಿದ್ದರೆ ಮನೆಯಲ್ಲಿ ಕಳ್ಳತನವಾಗುತ್ತಿತ್ತು. ಎಲೆ ಹಾಕಿ ಬಡಿಸುವ ಹೊತ್ತಿಗೆ ಮನೆಯ ಬೀಗ ಒಡೆಯುವುದು ಎಂದರೆ, ಕಳ್ಳರಿಗೂ ಒಂದು ಕರೆಯೋಲೆ ಹೋಗಿರಬೇಕು. ಆ ಕರೆಯೋಲೆಯನ್ನು ಬರೆದವನು ನಾನೇ ಎಂಬುದು ನೆನಪಾದಾಗ ನನಗೆ ಊಟ ಇಳಿಯುತ್ತಿರಲಿಲ್ಲ. ಆದರೂ ಪಾಯಸ ಎರಡು ಸಲ ಹಾಕಿಸಿಕೊಳ್ಳುತ್ತಿದ್ದೆ.

ಹೀಗೆ ನನ್ನ ಬರವಣಿಗೆಯ ಪಟ್ಟಿಗೆ ಪೊಲೀಸ್ ದೂರು ಸೇರಿಕೊಂಡಿತು. ಮಾಲು ಕಳೆದುಕೊಂಡವರು ಅಳುತ್ತಾ ಬರುತ್ತಿದ್ದರು. ನಾನು ಕನ್ನಡಕ ಹಾಕಿಕೊಂಡು, ‘ಮಾನ್ಯರೇ’ ಎಂದು ಆರಂಭಿಸುತ್ತಿದ್ದೆ. ಅವರು ಅದನ್ನು ಠಾಣೆಗೆ ಕೊಂಡುಹೋಗಿ ಕೊಟ್ಟು ಬರುತ್ತಿದ್ದರು. ಯಾವ ಠಾಣೆ ಎಂದು ನಾನು ಹೇಳುವುದಿಲ್ಲ. ಪಾಪ, ಅದಕ್ಕೆ ಈಗಿರುವ ಕಷ್ಟವೇ ಸಾಕು. ಕೊಟ್ಟ ದೂರು ಅಲ್ಲಿ ಏನಾಗುತ್ತಿತ್ತೋ ಗೊತ್ತಿಲ್ಲ, ಕದ್ದ ಮಾಲು ಮಾತ್ರ ಒಂದೂ ತಿರುಗಿ ಬರಲಿಲ್ಲ. ಹೋಗಿ ಕೇಳಿದರೆ ಠಾಣೆಯಲ್ಲಿ ಒಬ್ಬರೇ ಕೂತಿರುತ್ತಿದ್ದರು. ಉಳಿದವರೆಲ್ಲಿ ಎಂದರೆ, ಕೆಲವರು ಮಂತ್ರಿಯ ಬಂದೋಬಸ್ತಿಗೆ, ಕೆಲವರು ಕೋರ್ಟಿಗೆ, ಒಬ್ಬರು ಸಮನ್ಸು ಕೊಡಲಿಕ್ಕೆ, ಒಬ್ಬರು ಜ್ವರ ಬಂದು ಮನೆಯಲ್ಲಿ. ಕೂತವರಿಗೂ ಜ್ವರ ಬಂದ ಹಾಗೆಯೇ ಕಾಣುತ್ತಿತ್ತು.

ಕೊನೆಗೆ ಬಡಾವಣೆಯವರೆಲ್ಲ ಸೇರಿ ಸಭೆ ಮಾಡಿದೆವು. ಎರಡು ಗಂಟೆ ಬೈದು, ಚಹಾ ಕುಡಿದು, ಮತ್ತೆ ಅರ್ಧ ಗಂಟೆ ಬೈದು, ಒಂದು ಮನವಿ ಬರೆಯುವುದೆಂದು ತೀರ್ಮಾನವಾಯಿತು. ಬರೆದವನು ಯಾರೆಂದು ಹೇಳಬೇಕಾಗಿಲ್ಲ. ಮೂರು ಪುಟದ ಮನವಿ. ಅದರಲ್ಲಿ ಒಂದು ವಾಕ್ಯ ನನಗೆ ಈಗಲೂ ಬಾಯಿಪಾಠ ಬರುತ್ತದೆ: ‘ಹೊರಗಿನಿಂದ ಬಂದು ಶೆಡ್ಡುಗಳಲ್ಲಿ ವಾಸಿಸುತ್ತಿರುವ ಕೂಲಿಕಾರ್ಮಿಕರ ಮೇಲೆ ವಿಶೇಷ ನಿಗಾ ಇಡತಕ್ಕದ್ದು.’ ಸಭೆಯಲ್ಲಿ ಇದನ್ನು ಓದಿದಾಗ ಎಲ್ಲರೂ ತಲೆದೂಗಿದರು. ನಮ್ಮ ಮನೆಯ ಎದುರಿನ ಖಾಲಿ ಜಾಗದಲ್ಲಿ ದುಬೈಯಲ್ಲಿದ್ದವರೊಬ್ಬರ ಮನೆ ಏಳುತ್ತಿತ್ತು. ಅದರ ಮೂಲೆಯ ತಗಡಿನ ಶೆಡ್ಡಿನಲ್ಲಿ ಬಾಗಲಕೋಟೆ ಕಡೆಯ ಯಲ್ಲವ್ವ, ಹನುಮಂತ ಎಂಬ ಗಂಡ ಹೆಂಡತಿ ಇದ್ದರು. ಅವನು ಗಾರೆ ಕೆಲಸ, ಅವಳು ಕಲ್ಲು ಹೊರುವ ಕೆಲಸ. ಬಡಾವಣೆಯಲ್ಲಿ ಎಲ್ಲೇ ಕಳ್ಳತನವಾದರೂ ಜನ ಮೊದಲು ಆ ಶೆಡ್ಡಿನ ಕಡೆಗೆ ಕತ್ತು ತಿರುಗಿಸುತ್ತಿದ್ದರು. ಸಭೆಯ ದಿನ ನಾನೂ ತಿರುಗಿಸಿದ್ದೆ. ಹೇಳಿಕೊಳ್ಳಲು ನಾಚಿಕೆಯಾಗುತ್ತದೆ.

ಮನವಿಯನ್ನು ಓದಿದ ಸಬ್ ಇನ್‌ಸ್ಪೆಕ್ಟರರು ನಿಟ್ಟುಸಿರು ಬಿಟ್ಟು, “ಜನ ಕೊಡಿ ಅಂತ ನಾನೇ ಮೇಲಿನವರಿಗೆ ಬರೆದು ಬರೆದು ಸಾಕಾಯ್ತು ಮಾರಾಯ್ರೆ. ಒಂದು ಕೆಲಸ ಮಾಡುವ. ನಿಮ್ಮಲ್ಲಿ ಒಂದು ಬೀಟ್ ಪುಸ್ತಕ ಇಡುವ. ನಮ್ಮ ಕಾನ್‌ಸ್ಟೇಬಲ್ ದಿನಕ್ಕೆ ಎರಡು ಸಲ ಬಂದು, ಸುತ್ತು ಹಾಕಿ, ಅದರಲ್ಲಿ ಸೈನು ಹಾಕಿ ಹೋಗ್ತಾನೆ. ಯಾರ ಮನೆಯಲ್ಲಿ ಇಡುವುದು?” ಎಂದರು. ಮನವಿ ಹಿಡಿದು ಠಾಣೆಗೆ ಹೋದ ಹತ್ತು ಮಂದಿಯೂ ನನ್ನನ್ನು ನೋಡಿದರು. ಇಡೀ ದಿನ ಮನೆ ಮುಂದಿನ ಸಿಟೌಟಿನಲ್ಲಿ ಕುರ್ಚಿ ಹಾಕಿಕೊಂಡು ಕೂರುವವನು ನಾನೊಬ್ಬನೇ ಎಂಬುದು ಎಲ್ಲರಿಗೂ ಗೊತ್ತಿತ್ತು.

ಪುಸ್ತಕ ಬಂತು. ಉದ್ದನೆಯದು, ಖಾಕಿ ರಟ್ಟಿನದು. ಸಿಟೌಟಿನ ಮೊಳೆಗೆ ಹುರಿಯಲ್ಲಿ ಕಟ್ಟಿ ನೇತುಹಾಕಿದೆವು. ದಿನಾಂಕ, ಸಮಯ, ಷರಾ, ಸಹಿ ಎಂದು ನಾಲ್ಕು ಕಾಲಂ. ನಿಜ ಹೇಳಬೇಕೆಂದರೆ ಅದನ್ನು ಕಂಡು ನನಗೆ ಹೈಸ್ಕೂಲಿನ ಹಾಜರಿ ಪುಸ್ತಕ ನೆನಪಾಗಿ ಕಣ್ಣು ತುಂಬಿ ಬಂತು. ಶಾರದೆ, ಎಂದರೆ ನನ್ನ ಹೆಂಡತಿ, “ಮನೆಗೆ ಲಕ್ಷ್ಮಿ ಬರಲಿಲ್ಲ, ಪೊಲೀಸ್ ಸ್ಟೇಶನ್ನೇ ಬಂತು” ಎಂದು ಒಳಗೆ ಹೋದಳು.

ಕಾನ್‌ಸ್ಟೇಬಲ್ ವಿಠಲ ಪೆರ್ಡೂರಿನ ಕಡೆಯವನು. ಸಪೂರ ಆಳು, ಮಂಡಿನೋವು, ಹಳೆಯ ಸೈಕಲು. ಬೆಳಿಗ್ಗೆ ಹನ್ನೊಂದಕ್ಕೆ ಒಮ್ಮೆ, ಸಂಜೆ ಐದಕ್ಕೆ ಒಮ್ಮೆ ಬರುತ್ತಿದ್ದ. ಅವನ ಮನೆಮಾತು ತುಳು, ನನಗೂ ತುಳು ಬರುತ್ತದೆ. ಆದರೂ ನನ್ನೊಡನೆ ಕನ್ನಡವನ್ನೇ ಆಡುತ್ತಿದ್ದ. ಕನ್ನಡ ಮಾಷ್ಟ್ರ ಎದುರು ತುಳು ಮಾತಾಡಿದರೆ ಮಾರ್ಕು ಕಡಿಮೆಯಾದೀತೆಂಬ ಹೆದರಿಕೆ ಅವನ ವಯಸ್ಸಿನಲ್ಲೂ ಇತ್ತು. ಶಾರದೆ ಚಹಾ ಕೊಡುತ್ತಿದ್ದಳು. ಅವನು ನಿಂತೇ ಕುಡಿದು ಸಹಿ ಹಾಕುತ್ತಿದ್ದ. ಷರಾ ಕಾಲಮ್ಮನ್ನು ಖಾಲಿ ಬಿಡುತ್ತಿದ್ದ.

ಆ ಖಾಲಿ ಕಾಲಂ ನನಗೆ ನಿದ್ದೆ ಕೊಡಲಿಲ್ಲ. ಒಂದು ವಾರ ತಡೆದುಕೊಂಡೆ. ಎಂಟನೆಯ ದಿನ, “ವಿಠಲ, ಇಲ್ಲಿ ಏನಾದರೂ ಬರೆಯಬೇಕಲ್ಲ” ಎಂದೆ.

“ಎಂತ ಬರೆಯುವುದು ಮಾಷ್ಟ್ರೆ? ನನ್ನ ಅಕ್ಷರ ನನಗೇ ಓದ್ಲಿಕ್ಕೆ ಆಗುವುದಿಲ್ಲ. ನೀವೇ ಎರಡು ಶಬ್ದ ಹಾಕಿ.”

ಅಷ್ಟೇ ಸಾಕಾಯಿತು. ‘ಎಲ್ಲ ಸರಿಯಿದೆ’ ಎಂದು ದುಂಡಗೆ ಬರೆದೆ. ವಿಠಲ ಕತ್ತು ಓರೆ ಮಾಡಿ ನೋಡಿ, “ಅಚ್ಚು ಹಾಕಿದ ಹಾಗೆ ಉಂಟು” ಎಂದ. ಹೊಗಳಿಕೆ ನನ್ನನ್ನು ಹಾಳುಮಾಡಿದಷ್ಟು ಬೇರೆ ಯಾವುದೂ ಹಾಳುಮಾಡಿಲ್ಲ.

ಸ್ವಲ್ಪ ದಿನದಲ್ಲೇ ಅವನು ಬರುವುದು ತಪ್ಪಿತು. ಮೂರು ದಿನ ಬಿಟ್ಟು ಬಂದವನ ಮುಖ ನೋಡಿದರೆ ಪಾಪ ಅನ್ನಿಸುತ್ತಿತ್ತು. ಕಾರ್ಕಳದಲ್ಲಿ ಬಂದೋಬಸ್ತಂತೆ, ಅಲ್ಲಿಂದ ಕಾಪುವಿಗೆ ಹೋಗಲು ಹೇಳಿದರಂತೆ, ನಡುವೆ ಬಟ್ಟೆ ಬದಲಿಸಲಿಕ್ಕೂ ಮನೆಗೆ ಹೋಗಲಿಲ್ಲವಂತೆ. ಬಿಟ್ಟುಹೋದ ಮೂರು ದಿನದ್ದೂ ಸೇರಿಸಿ ಆರು ಸಹಿ ಹಾಕಿದ. “ಮಾಷ್ಟ್ರೆ, ಪುಸ್ತಕ ಖಾಲಿ ಇದ್ದರೆ ನನಗೆ ಮೆಮೋ ಕೊಡ್ತಾರೆ. ನನ್ನ ಹಾಗೆ ಒಬ್ಬನಿಗೆ ಹದಿನಾಲ್ಕು ಪುಸ್ತಕ ಉಂಟು. ಸೈಕಲಿನಲ್ಲಿ ಎಲ್ಲಿಗೆ ಅಂತ ಹೋಗುವುದು, ಹೇಳಿ” ಎಂದ. ನಾನು ಮಾಷ್ಟ್ರಾಗಿದ್ದಾಗ ಮಳೆಗಾಲಕ್ಕೆ ಹೊಳೆ ತುಂಬಿ ಶಾಲೆಗೆ ಬರಲಾಗದ ಎಷ್ಟೋ ಮಕ್ಕಳಿಗೆ ಹಾಜರಿ ಹಾಕಿದ್ದೇನೆ. ಹಾಜರಿ ಕಡಿಮೆಯಾಗಿ ಪರೀಕ್ಷೆಗೆ ಕೂರಲಾಗದೆ ಹೋದರೆ ಹೊಳೆಗೇನು ನಷ್ಟ? ಮಕ್ಕಳಿಗೆ ನಷ್ಟ. ಬಾರದವನನ್ನು ಬಂದವನೆಂದು ಬರೆಯುವುದು ನನ್ನ ಲೆಕ್ಕದಲ್ಲಿ ದಯೆಯ ಕೆಲಸವೇ ಆಗಿತ್ತು. ಮುಂದಿನ ಸಲ ಅವನು ಬಂದಾಗ ನಾನೇ ಹೇಳಿದೆ: “ನೀನು ಬರುವ ವಾರದ್ದಕ್ಕೂ ಈಗಲೇ ಸಹಿ ಹಾಕಿಬಿಡು. ಸಮಯ, ಷರಾ ಎಲ್ಲ ನಾನು ನೋಡಿಕೊಳ್ಳುತ್ತೇನೆ.”

ಆ ಮಾತು ಕೇಳಿ ಅವನ ಕಣ್ಣಲ್ಲಿ ಕಂಡ ನೆಮ್ಮದಿಯನ್ನು ನಾನು ಯಾವ ವಿದ್ಯಾರ್ಥಿಯ ಕಣ್ಣಲ್ಲೂ ಕಂಡಿಲ್ಲ. ಕಿಟಕಿಯಿಂದ ಕೇಳಿಸಿಕೊಂಡ ಶಾರದೆ ಮಾತ್ರ, “ಬಾರದವರಿಗೆ ಹಾಜರಿ ಹಾಕುವುದು ನಿಮಗೆ ಒಂದು ರೋಗ. ಶಾಲೆ ಬಿಟ್ಟರೂ ಅದು ಬಿಡಲಿಲ್ಲ” ಎಂದಳು.

ಹೀಗೆ ನಮ್ಮ ಬಡಾವಣೆಯ ಗಸ್ತು ನನ್ನ ಕೈಗೆ ಬಂತು. ಮೂರು ಗಂಟೆಯ ಚಹಾದ ಹೊತ್ತಿಗೆ ಪುಸ್ತಕ ಬಿಚ್ಚಿ, ಮರೆತುಹೋದೀತೆಂದು ಸಂಜೆ ಐದರದ್ದನ್ನೂ ಆಗಲೇ ಬರೆದುಬಿಡುತ್ತಿದ್ದೆ. ದಿನವೂ ‘ಎಲ್ಲ ಸರಿಯಿದೆ’ ಎಂದೇ ಬರೆದರೆ ಸಾಹಿತ್ಯ ಓದಿದವನಿಗೆ ಬೇಸರವಾಗುವುದಿಲ್ಲವೇ? ಸ್ವಲ್ಪ ವೈವಿಧ್ಯ ತಂದೆ. ‘ಪೂರ್ವದ ಓಣಿಯನ್ನು ಪರಿಶೀಲಿಸಲಾಯಿತು.’ ‘ಬಾವಿಕಟ್ಟೆಯ ಬಳಿ ಇಬ್ಬರು ಹೆಂಗಸರ ಹೊರತು ಯಾರೂ ಇರಲಿಲ್ಲ.’ ‘ಬೀಗ ಹಾಕಿದ ಮನೆಗಳ ಬೀಗಗಳನ್ನು ಎಳೆದು ನೋಡಲಾಯಿತು.’ ಕಾಲಿಗೆ ಚಪ್ಪಲಿ ಹಾಕದೆ, ಕುರ್ಚಿಯಿಂದ ಏಳದೆ, ನಾನು ಇಡೀ ಬಡಾವಣೆಯನ್ನು ಸುತ್ತುತ್ತಿದ್ದೆ. ಒಮ್ಮೊಮ್ಮೆ ಹಿಂದಿನ ಪುಟಗಳನ್ನು ಓದುತ್ತಾ, ಎಷ್ಟು ಒಳ್ಳೆಯ ಕಾನ್‌ಸ್ಟೇಬಲ್ ಇವನು ಎಂದು ನನಗೇ ಗೌರವ ಬರುತ್ತಿತ್ತು. ನಡುವೆ ಎರಡು ಮನೆಯ ತೆಂಗಿನಕಾಯಿ, ಒಂದು ಪಂಪು ಹೋಯಿತು. ಅದು ಷರಾದಲ್ಲಿ ಬರಲಿಲ್ಲ. ಬಡಾವಣೆಯವರು ಪೊಲೀಸರನ್ನು ಬೈಯುತ್ತಾ ನಮ್ಮ ಗೇಟಿನ ಎದುರೇ ಹಾದು ಹೋಗುತ್ತಿದ್ದರು. ನಾನೂ ಎದ್ದು ನಿಂತು ಒಟ್ಟಿಗೆ ಬೈಯುತ್ತಿದ್ದೆ.

ಒಂದು ಬುಧವಾರ ಯಲ್ಲವ್ವ, ಹನುಮಂತ ಇಬ್ಬರೂ ಬೇರೆ ಕಡೆ ಸ್ಲ್ಯಾಬ್ ಹಾಕುವ ಕೆಲಸಕ್ಕೆ ಹೋಗಿದ್ದರು. ಸಂಜೆ ಐದೂಕಾಲಿಗೆ ಬಂದವರು ನೋಡುವಾಗ ಶೆಡ್ಡಿನ ಬೀಗ ಒಡೆದಿತ್ತು, ಟ್ರಂಕು ಬಾಯಿ ತೆರೆದಿತ್ತು. ಅದರಲ್ಲಿದ್ದ ಬೋರಮಾಳ ಹೋಗಿತ್ತು. ಯಲ್ಲವ್ವನಿಗೆ ಅವಳ ಅವ್ವ ಕೊಟ್ಟ ಬಂಗಾರದ ಗುಂಡಿನ ಸರ; ಊರಿನಲ್ಲಿ ಅಜ್ಜಿಯ ಹತ್ತಿರ ಬೆಳೆಯುತ್ತಿರುವ ಮಗಳ ಮದುವೆಗೆಂದು ಇಟ್ಟದ್ದು. ಅವಳು ಎದೆ ಎದೆ ಬಡಿದುಕೊಂಡು ಅತ್ತಳು. ಜನ ಸೇರಿದರು. ಸೇರಿದವರ ಮುಖದಲ್ಲಿ ಮರುಕಕ್ಕಿಂತ ಹೆಚ್ಚಾಗಿ ಗೊಂದಲವಿತ್ತು. ಯಾರ ಮೇಲೆ ಸಂಶಯವೋ ಅವರ ಮನೆಯಲ್ಲೇ ಕಳ್ಳತನವಾದರೆ ಈಗ ಸಂಶಯ ಪಡುವುದು ಯಾರನ್ನು? “ಘಟ್ಟದ ಮೇಲಿನವರ ಹತ್ರ ಬಂಗಾರ ಎಲ್ಲಿಂದ ಬರಬೇಕು? ಕಂಟ್ರಾಕ್ಟರ್ ಹತ್ರ ದುಡ್ಡು ಕೇಳ್ಲಿಕ್ಕೆ ಆಟ ಇದು” ಎಂದರು ನಮ್ಮ ಬಡಾವಣೆಯ ಸಂಘದ ಕಾರ್ಯದರ್ಶಿ. ಯಲ್ಲವ್ವ ಅದನ್ನು ಕೇಳಿಸಿಕೊಂಡಳು. ನಾನು ಅವಳಿಗೆ ದೂರು ಬರೆದುಕೊಟ್ಟೆ. ಅವಳ ಅಳು ಕೇಳುತ್ತಲೇ ಬರೆದೆ, ಆದರೂ ಅಕ್ಷರ ಕೆಡಲಿಲ್ಲ.

ಮೂರನೆಯ ದಿನ ಸಬ್ ಇನ್‌ಸ್ಪೆಕ್ಟರರು ಬಂದರು. ಅದೇ ವಾರ ಬೇರೆ ಕಡೆಯೂ ಮನೆಗಳು ಒಡೆದಿದ್ದವು. ಮನುಷ್ಯ ನಿದ್ದೆಯಿಲ್ಲದೆ ತೂಕಡಿಸುತ್ತಿದ್ದರು. ನೇರ ನಮ್ಮ ಸಿಟೌಟಿಗೆ ಹತ್ತಿ ಪುಸ್ತಕ ಬಿಡಿಸಿದರು. ಬುಧವಾರದ ಸಾಲಿನ ಮೇಲೆ ಬೆರಳಿಟ್ಟು ಗಟ್ಟಿಯಾಗಿ ಓದಿದರು: “ಸಂಜೆ ಐದು ಗಂಟೆ. ಎಲ್ಲ ಸರಿಯಿದೆ. ಎದುರಿನ ಶೆಡ್ಡಿನ ಬೀಗವನ್ನು ಎಳೆದು ನೋಡಲಾಗಿದ್ದು, ಭದ್ರವಾಗಿರುತ್ತದೆ.”

ಅದು ನಾನು ಬರೆದ ವಾಕ್ಯ. ಯಾಕೆ ಆ ಶೆಡ್ಡು? ಬಡಾವಣೆಯಲ್ಲಿ ಬೀಗ ಹಾಕಿದ ಮನೆ ಬೇರೆ ಇರಲಿಲ್ಲವೇ? ಇತ್ತು. ಆದರೆ ಅಂದು ಬರೆಯಲು ಹೊಸದೇನೂ ಹೊಳೆಯದೆ ತಲೆ ಎತ್ತದೆಯೇ ಎದುರಿನದ್ದನ್ನು ಬರೆದಿದ್ದೆ.

ಸಬ್ ಇನ್‌ಸ್ಪೆಕ್ಟರರು ಹನುಮಂತನ ಕಡೆ ತಿರುಗಿದರು. “ಐದಕ್ಕೆ ನಮ್ಮವನು ಬೀಗ ಎಳೆದು ನೋಡಿದ್ದಾನೆ. ನೀವು ಬಂದದ್ದು ಐದೂಕಾಲಿಗೆ. ಕಾಲು ಗಂಟೆಯಲ್ಲಿ ಕಳ್ಳ ಬಂದು, ಬೀಗ ಒಡೆದು, ಟ್ರಂಕು ಒಡೆದು, ಮಾಯ ಆದನಾ? ಮಾಷ್ಟ್ರು ಇಲ್ಲೇ ಎದುರಿಗೆ ಕೂತಿದ್ದಾರೆ. ಹಗಲು ಹೊತ್ತು. ನೀನೇ ಮಾರಿದ್ದಲ್ವಾ? ಸತ್ಯ ಹೇಳು.” ಆಮೇಲೆ ನನ್ನ ಕಡೆ ನೋಡಿ, “ಏನು ಮಾಷ್ಟ್ರೆ, ವಿಠಲ ಬಂದಿದ್ದ ಅಲ್ವಾ?” ಎಂದರು.

ನಾನು ಹೇಳಿದ್ದು ಇಷ್ಟೇ: “ಪುಸ್ತಕದಲ್ಲಿ ಹಾಗೆ ಉಂಟು.”

ಇದಕ್ಕಿಂತ ಸತ್ಯವಾದ ವಾಕ್ಯವನ್ನು ನಾನು ಬದುಕಿನಲ್ಲಿ ಹೇಳಿಲ್ಲ. ಇದಕ್ಕಿಂತ ಹೇಡಿಯಾದ ವಾಕ್ಯವನ್ನೂ ಹೇಳಿಲ್ಲ. ಮೂವತ್ತು ವರ್ಷ ಮಕ್ಕಳಿಗೆ ಸತ್ಯದ ಮೇಲೆ ಪ್ರಬಂಧ ಬರೆಸಿದವನು ನಾನು. ಅತ್ಯುತ್ತಮ ಪ್ರಬಂಧಕ್ಕೆ ನನ್ನ ಕೈಯಿಂದಲೇ ದುಡ್ಡು ಹಾಕಿ ಪೆನ್ನು ಕೊಡುತ್ತಿದ್ದೆ. ಹನುಮಂತನನ್ನು ಜೀಪಿನಲ್ಲಿ ಕೂರಿಸಿಕೊಂಡು ಹೋದರು. ಸಂಜೆ ಬಿಟ್ಟರು. ಹೊಡೆದರೋ ಇಲ್ಲವೋ ಅವನು ಹೇಳಲಿಲ್ಲ.

ಮರುದಿನ ಬೆಳಿಗ್ಗೆ ಯಲ್ಲವ್ವ ನಮ್ಮ ಮೆಟ್ಟಿಲ ಕೆಳಗೆ ನಿಂತಳು. ಅವಳಿಗೆ ಓದಲು ಬರುವುದಿಲ್ಲ.

“ಸರ್, ಅದರಾಗ ಏನ ಬರದೈತಿ ನಂಗೂ ಒಂದೀಟು ಓದಿ ಹೇಳ್ರಿ. ನಮ್ಮ ಮನಿ ಬೀಗ ಪೊಲೀಸರು ನೋಡ್ಯಾರ ಅಂತಲ್ಲ, ಖರೇನ ಹಂಗ ಐತೇನ್ರಿ?”

ಹೇಳಬಹುದಿತ್ತು. ಅಲ್ಲೇ, ಆಗಲೇ, ‘ಇಲ್ಲ ತಾಯಿ, ಅದು ನಾನು ಕುರ್ಚಿಯಲ್ಲಿ ಕೂತು ಬರೆದದ್ದು’ ಎನ್ನಬಹುದಿತ್ತು. ಆದರೆ ಕಣ್ಣ ಮುಂದೆ ವಿಠಲ ಬಂದ, ಅವನ ಮಂಡಿ ಬಂತು, ಪೆರ್ಡೂರಿನಲ್ಲಿರುವ ಅವನ ತಾಯಿ ಬಂದರು. ಅವರೆಲ್ಲರ ಹಿಂದೆ, ಸತ್ಯ ಹೇಳುತ್ತಿದ್ದೇನೆ, ನಾನೂ ಬಂದೆ: ಬಡಾವಣೆಯ ಗೌರವಾನ್ವಿತ ನಿವೃತ್ತ ಶಿಕ್ಷಕ, ಸುಳ್ಳು ದಾಖಲೆ ಬರೆದ ಕೇಸಿನಲ್ಲಿ. ನಾನು ಓದಿದೆ. ‘ಭದ್ರವಾಗಿರುತ್ತದೆ’ ಎಂಬಲ್ಲಿಯವರೆಗೂ ಓದಿದೆ.

“ಬರದದ್ದು ಸುಳ್ಳಿರತೈತೇನ್ರಿ” ಎಂದು ತನಗೆ ತಾನೇ ಅಂದುಕೊಂಡಳು. ಆಮೇಲೆ ತಿರುಗಿ, ಶೆಡ್ಡಿನ ಬಾಗಿಲಲ್ಲಿ ಬೀಡಿ ಹಚ್ಚಿ ಕೂತಿದ್ದ ಗಂಡನನ್ನು ನೋಡಿದಳು. ಹಾಗೆ ಅವಳು ಅವನನ್ನು ಮೊದಲು ಎಂದೂ ನೋಡಿರಲಿಕ್ಕಿಲ್ಲ.

ಆ ದಿನದಿಂದ ಶೆಡ್ಡಿನಲ್ಲಿ ಜಗಳ. ತಗಡಿನ ಗೋಡೆ, ಎಲ್ಲವೂ ಕೇಳುತ್ತದೆ. ‘ಪುಸ್ತಕದಾಗ ಐತಿ’ ಎಂಬ ಮಾತು ದಿನಕ್ಕೆ ಹತ್ತು ಸಲ ಕೇಳುತ್ತಿತ್ತು. ಅನ್ನ ಕಲಸಿ ಕೂತರೆ ತುತ್ತು ಬಾಯಿಗೆ ಹೋಗುತ್ತಿರಲಿಲ್ಲ. ಶಾರದೆ ತಟ್ಟೆ ಎತ್ತುತ್ತಾ, “ಸ್ಟೇಶನ್ನಿಗೆ ಹೋಗಿ ಇದ್ದದ್ದು ಇದ್ದ ಹಾಗೆ ಹೇಳಿ ಬನ್ನಿ. ಇಲ್ಲದಿದ್ದರೆ ನಾನು ಹೋಗುತ್ತೇನೆ” ಎಂದಳು. ವಿಠಲನನ್ನು ಒಂದು ಮಾತು ಕೇಳಿ ಹೋಗುತ್ತೇನೆ ಎಂದೆ. ಮುಂದೆ ಹಾಕಲು ಅದೊಂದು ಒಳ್ಳೆಯ ನೆವ.

ವಾರ ಕಳೆದು ವಿಠಲ ಬಂದ. ಎಲ್ಲ ಕೇಳಿ, ಮೊದಲ ಬಾರಿಗೆ ನಮ್ಮ ಸಿಟೌಟಿನಲ್ಲಿ ಕೂತ. ಚಹಾ ಆರಿಹೋಯಿತು.

“ಬುಧವಾರ ನಾನು ಕಾರ್ಕಳದಲ್ಲಿ ರಸ್ತೆ ಬದಿಯಲ್ಲಿ ನಿಂತಿದ್ದೆ ಮಾಷ್ಟ್ರೆ. ಮಂತ್ರಿಯ ಕಾರು ಹೋಗ್ಲಿಕ್ಕೆ ಉಂಟು ಅಂತ ನಿಲ್ಲಿಸಿದ್ದು. ಮಂತ್ರಿ ಬರಲೇ ಇಲ್ಲ.” ಟೊಪ್ಪಿಯನ್ನು ಮೊಣಕಾಲ ಮೇಲಿಟ್ಟುಕೊಂಡು ಅದನ್ನೇ ನೋಡಿದ. “ಹೇಳಿದರೆ ನನಗೆ ಸಸ್ಪೆಂಡ್. ಹೇಳದಿದ್ದರೆ ಆ ಹೆಂಗಸಿನ ಗತಿ ಎಂತ? ಎರಡು ದಿನ ಟೈಮ್ ಕೊಡಿ.”

ಎರಡು ದಿನ ಕೊಟ್ಟೆ. ನನಗೂ ಎರಡು ದಿನ ಬೇಕಿತ್ತು. ಹೋಗುವಾಗ ಅವನು ಹುರಿ ಬಿಚ್ಚಿ ಪುಸ್ತಕವನ್ನೂ ಕೊಂಡುಹೋದ. ಎರಡು ಹೋಗಿ ಹತ್ತಾಯಿತು. ವಿಠಲನ ಪತ್ತೆಯಿಲ್ಲ. ಅಷ್ಟರಲ್ಲಿ ಒಂದು ಬೆಳಿಗ್ಗೆ ನೋಡಿದರೆ ಶೆಡ್ಡು ಖಾಲಿ. ಹನುಮಂತ ಹೆಂಡತಿಯ ಮಾತು ತಡೆಯಲಾರದೆ ಗೋವಾ ಕಡೆ ಹೋದನಂತೆ. ಯಲ್ಲವ್ವ ಒಬ್ಬಳೇ ನಿಟ್ಟೆಯಲ್ಲಿ ಹಾಸ್ಟೆಲು ಕಟ್ಟುವಲ್ಲಿಗೆ ಕೆಲಸಕ್ಕೆ ಹೋದಳಂತೆ. ಕಾರ್ಯದರ್ಶಿಗಳು ಇದನ್ನು ನನಗೆ ಹೇಳುತ್ತಾ, “ಪೀಡೆ ತೊಲಗಿತು” ಎಂದರು. ಆಗ ನನಗೆ ಬಂದ ಸಿಟ್ಟು ಅವರ ಮೇಲಲ್ಲ. ಒಳಗೆ ಹೋಗಿ ಅಂಗಿ ಹಾಕಿಕೊಂಡೆ.

ಠಾಣೆಯಲ್ಲಿ ಬೆಳಿಗ್ಗೆ ಹತ್ತಕ್ಕೆ ಕೂತವನನ್ನು ಮಧ್ಯಾಹ್ನ ಒಂದೂವರೆಗೆ ಕರೆದರು. ಮನೆಯಿಂದಲೇ ತಪ್ಪೊಪ್ಪಿಗೆ ಬರೆದು ತಂದಿದ್ದೆ. ಎರಡು ಪುಟ, ಎಡಕ್ಕೆ ಸರಿಯಾಗಿ ಅಂಚು ಬಿಟ್ಟು. ಸಬ್ ಇನ್‌ಸ್ಪೆಕ್ಟರರು ಓದಿ, ಮೇಜಿನ ಮೇಲಿಟ್ಟು, ಸ್ವಲ್ಪ ಹೊತ್ತು ಕಣ್ಣುಜ್ಜಿಕೊಂಡರು.

“ತಡವಾಯ್ತು ಮಾಷ್ಟ್ರೆ. ವಿಠಲ ವಾರದ ಹಿಂದೆಯೇ ಬಂದು ಹೇಳಿದ. ಅವತ್ತು ಬೀಟಿಗೆ ಹೋಗಲೇ ಇಲ್ಲ, ಪುಸ್ತಕದಲ್ಲಿ ಎಲ್ಲವನ್ನೂ ತಾನೇ ಬರೆದದ್ದು ಅಂತ.”

“ಅವನು ಬರೆದದ್ದಲ್ಲ. ನಾನು ಬರೆದದ್ದು.”

“ನನಗೆ ಗೊತ್ತಿಲ್ವಾ? ವಿಠಲ ಬರೆದದ್ದನ್ನು ಓದ್ಲಿಕ್ಕೆ ವಿಠಲನನ್ನೇ ಕರೆಯಬೇಕು. ನಿಮ್ಮ ಸಂಘದ ಮನವಿ, ಆ ಹೆಂಗಸಿನ ದೂರು, ಬೀಟ್ ಪುಸ್ತಕ, ಮೂರನ್ನೂ ಒಟ್ಟಿಗೆ ಇಟ್ಟು ನೋಡಿದೆ. ಮೂರೂ ಒಂದೇ ಅಕ್ಷರ. ಅವತ್ತೇ ನೋಡಬೇಕಿತ್ತು. ನೋಡ್ಲಿಕ್ಕೆ ಪುರುಸೊತ್ತು ಎಲ್ಲಿ ಉಂಟು?”

“ಹಾಗಾದರೆ ನನ್ನ ಮೇಲೆ ಕೇಸು ಹಾಕಿ” ಎಂದೆ. ಹೇಳುವಾಗ ಧ್ವನಿ ಗಟ್ಟಿಯಾಗಿಯೇ ಇತ್ತು. ಬರುವ ದಾರಿಯಲ್ಲಿ ನಾಲ್ಕು ಸಲ ಅಭ್ಯಾಸ ಮಾಡಿದ್ದೆ.

ಅವರು ನಕ್ಕರು. ಸಂತೋಷದ ನಗುವಲ್ಲ. “ನಿಮ್ಮ ಮೇಲೆ ಕೇಸು ಹಾಕಬೇಕಾದರೆ ಹೇಳಿಕೆ ಬರೆಯಲಿಕ್ಕೆ ಒಬ್ಬ ಬೇಕು, ಮಹಜರಿಗೆ ಒಬ್ಬ ಬೇಕು, ಕೋರ್ಟಿಗೆ ಅಲೆಯಲಿಕ್ಕೆ ಒಬ್ಬ ಬೇಕು. ಯಾರಿದ್ದಾರೆ? ಇದ್ದ ಒಬ್ಬ ವಿಠಲನನ್ನೂ ಸಸ್ಪೆಂಡಿಗೆ ಬರೆದು ಕಳಿಸಿದ್ದೇನೆ. ಅವನ ಹದಿನಾಲ್ಕು ಪುಸ್ತಕಕ್ಕೆ ಈಗ ಜನ ಇಲ್ಲ. ತೆಗೆದುಕೊಂಡು ಹೋಗಿ ಮಾಷ್ಟ್ರೆ ಇದನ್ನು.” ನನ್ನ ಎರಡು ಪುಟಗಳನ್ನು ನನ್ನ ಕಡೆಗೇ ಸರಿಸಿದರು. ನಾನು ಅವಳ ದೂರು ಏನಾಯಿತೆಂದು ಕೇಳಿದೆ. ಮೊದಲು ಸುಳ್ಳು ದೂರು ಎಂದು ಮುಚ್ಚಿದ್ದರಂತೆ. ವಿಠಲ ಹೇಳಿದ ಮೇಲೆ ಅದನ್ನು ತೆಗೆದು, ಪತ್ತೆಯಾಗದ ಪ್ರಕರಣ ಎಂದು ಬರೆದರಂತೆ. ಆ ಸುದ್ದಿಯನ್ನು ಅವಳಿಗೆ ಮುಟ್ಟಿಸಲಿಕ್ಕೂ ಜನ ಇರಲಿಲ್ಲವಂತೆ. ಬೋರಮಾಳ ಸಿಗುವ ಆಸೆಯಿದೆಯೇ ಎಂದು ಕೇಳಿದ್ದಕ್ಕೆ ಅವರು ಹಿಂದಿನ ಕಪಾಟನ್ನು ತೋರಿಸಿದರು. ಪತ್ತೆಯಾಗದವುಗಳ ಕಟ್ಟುಗಳು ತುಂಬಿ ಅದರ ಬಾಗಿಲು ಮುಚ್ಚುತ್ತಿರಲಿಲ್ಲ. ಅವುಗಳಲ್ಲಿ ಎಷ್ಟೋ ದೂರುಗಳು ನನ್ನ ಅಕ್ಷರದವೇ ಇರಬೇಕು.

ಕಳ್ಳರು ಹೆಚ್ಚಾದರು, ಪೊಲೀಸರು ಸಾಲುವುದಿಲ್ಲ ಎಂದು ಈಗಲೂ ಬಡಾವಣೆಯಲ್ಲಿ ದಿನವೂ ಮಾತಾಗುತ್ತದೆ. ಎರಡೂ ನಿಜ. ಆದರೆ ಪೊಲೀಸರು ಸಾಲದೆ ಹೋದದ್ದರಿಂದ ತಪ್ಪಿಸಿಕೊಂಡವರ ಪೈಕಿ ನಾನೂ ಒಬ್ಬ ಎಂಬುದು ಬಡಾವಣೆಯಲ್ಲಿ ನನಗೆ ಮತ್ತು ಶಾರದೆಗೆ ಮಾತ್ರ ಗೊತ್ತು. ಮಾತು ಶುರುವಾದರೆ ನಾನು ಎದ್ದು ಒಳಗೆ ಹೋಗುತ್ತೇನೆ. ಮಾಷ್ಟ್ರಿಗೆ ವಯಸ್ಸಾಯಿತು ಎಂದು ಜನ ತಿಳಿದುಕೊಂಡಿದ್ದಾರೆ.

ಅಂದು ಠಾಣೆಯಿಂದ ನಾನು ಮನೆಗೆ ಹೋಗಲಿಲ್ಲ. ಕಾರ್ಕಳದ ಬಸ್ಸು ಹಿಡಿದು, ಅಲ್ಲಿ ಇನ್ನೊಂದು ಬಸ್ಸು ಹತ್ತಿ ನಿಟ್ಟೆಗೆ ಹೋದೆ. ಮೂರನೆಯ ಮಹಡಿ ಏಳುತ್ತಿತ್ತು. ಯಲ್ಲವ್ವ ತಲೆಯ ಮೇಲಿನ ಸಿಂಬೆ ತೆಗೆದು, ಸೆರಗಿನಲ್ಲಿ ಮುಖ ಒರೆಸಿಕೊಂಡು ಕೆಳಗೆ ಬಂದಳು. ನಾನು ಎಲ್ಲವನ್ನೂ ಹೇಳಿದೆ. ಜೇಬಿನಲ್ಲಿದ್ದ ಎರಡು ಪುಟ ತೆಗೆಯಲಿಲ್ಲ. ಬಾಯಲ್ಲೇ ಹೇಳಿದೆ, ತೊದಲುತ್ತಾ, ಹಿಂದುಮುಂದಾಗಿ. ಬೈಯುತ್ತಾಳೆ ಎಂದುಕೊಂಡಿದ್ದೆ. ಬೈದಿದ್ದರೆ ಎಷ್ಟೋ ಹಗುರವಾಗುತ್ತಿತ್ತು.

“ಹಂಗಾರ ಅವ ಮಾರಿಲ್ಲ” ಎಂದಳು. ಆಮೇಲೆ, “ನಾ ಅವಂಗ ಬಾಯಿಗೆ ಬಂದಂಗ ಅಂದೆ ಸರ್. ಮಗಳ ಮ್ಯಾಲೆ ಆಣಿ ಮಾಡಿದ. ಆದ್ರೂ ಪುಸ್ತಕದಾಗ ಐತಿ ಅಂದೆ. ಈಗ ಅವ ಎಲ್ಲದಾನ ಅಂತ ಯಾರಿಗೂ ಗೊತ್ತಿಲ್ರಿ” ಎಂದಳು.

ಮೇಲಿನಿಂದ ಮೇಸ್ತ್ರಿ ಕೂಗಿದ. ಅವಳು ಸಿಂಬೆಯನ್ನು ತಲೆಯ ಮೇಲಿಟ್ಟುಕೊಂಡಳು. ಹೊರಟವಳು ನಿಂತಳು.

“ಅವತ್ತ ನೀವು ಅಲ್ಲೇ ಕುರ್ಚಿ ಮ್ಯಾಲೆ ಕುಂತಿದ್ರಿ, ಹೌದಲ್ರಿ ಸರ್? ನಮ್ಮ ಮನಿ ಎದುರಿಗೇ. ಕಬ್ಬಿಣದ ಬೀಗ, ತಗಡಿನ ಬಾಗಲಾ. ಒಡಿಯುವಾಗ ಸಪ್ಪಳ ಆಗಿರತೈತಿ. ನಿಮಗ ಕೇಳಲಿಲ್ಲೇನ್ರಿ? ಏನ ಮಾಡಾಕತ್ತಿದ್ರಿ?”

“ಬರೆಯುತ್ತಿದ್ದೆ” ಎಂದೆ.